ಎಣ್ಣೆ ಮುಟ್ಟದ ಕಾಕಾ

ನಮ್ಮ ಕಾಕಾ ಹುಲಿ ಎದುರಾದರೆ ಹೆದರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಸಾಂಗ್ಲಿಯಲ್ಲಿ ಹುಲಿ ಎಲ್ಲಿಂದ ಬರಬೇಕು? ಆದರೆ ಎಣ್ಣೆ ಎದುರಾದರೆ ಓಡುತ್ತಾರೆ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ, ಕೊಬ್ಬರಿ ಎಣ್ಣೆ, ಯಾವುದಾದರೂ ಸರಿ, ಅವರಲ್ಲಿ ಭೇದಭಾವವಿಲ್ಲ! ಊಟಕ್ಕೆ ಕರೆದವರು ಎಣ್ಣೆಗಾಯಿ ಬಡಿಸಿದರೆ ಕೂಡಲೇ ಚಮಚ ಕೇಳುತ್ತಾರೆ. ಜೋಳದ ಭಕ್ಕರಿಯನ್ನು ಚಮಚದಿಂದ ತಿನ್ನುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಅಪ್ಪನ ಸ್ವಂತ ತಮ್ಮ.

ಕಾರಣ ಕಾಯಿಲೆಯಲ್ಲ, ನೌಕರಿ. ಮಿರಜಿನಲ್ಲಿ ಮನೆಗಳಿಗಿಂತ ಆಸ್ಪತ್ರೆಗಳೇ ಹೆಚ್ಚು ಎಂದು ನಾವು ತಮಾಷೆ ಮಾಡುವುದುಂಟು. ಆ ಆಸ್ಪತ್ರೆಗಳಿಗೆ ಸಿಲಿಂಡರಿನಲ್ಲಿ ಆಕ್ಸಿಜನ್ ತುಂಬಿ ಕಳಿಸುವ ಕಾರ್ಖಾನೆಯಲ್ಲಿ ಕಾಕಾ, ಗ್ಯಾಸನ್ನು ಒತ್ತಿ ತುಂಬುವ ಕಂಪ್ರೆಸರ್ ಯಂತ್ರದ ಫಿಟ್ಟರ್ ಆಗಿದ್ದರು. ಬೇರೆ ಯಂತ್ರಗಳು ಎಣ್ಣೆ ಹಾಕದಿದ್ದರೆ ಕೆಡುತ್ತವೆ. ಕಂಪ್ರೆಸರ್ ಎಂಬ ಈ ಮಹಾರಾಯನಿಗೆ ಮಾತ್ರ ಗ್ಯಾಸ್ ಹಾದುಹೋಗುವ ಜಾಗದಲ್ಲಿ ಎಣ್ಣೆಯ ಪಸೆ ತಗುಲಿದರೂ ಬೆಂಕಿ ಹತ್ತುವ ಭಯ. ಒತ್ತಿ ತುಂಬಿದ ಆಕ್ಸಿಜನ್ನಿಗೂ ಎಣ್ಣೆಗೂ ಅಷ್ಟು ಜನ್ಮದ ವೈರ! ಹಾಗಾಗಿ ಅದರ ಪಿಸ್ಟನ್ ಯಂತ್ರದ ಒಣ ಸಿಲಿಂಡರಿನೊಳಗೆ ಹಿಂದೆ ಮುಂದೆ ಓಡುತ್ತಲೇ ಇರಬೇಕು. ಲೋಹಕ್ಕೆ ಲೋಹ ಉಜ್ಜದಿರಲಿ ಎಂದು ಅದಕ್ಕೆ ಟೆಫ್ಲಾನಿನ ರಿಂಗುಗಳನ್ನು ತೊಡಿಸಿರುತ್ತಾರೆ. ಎಣ್ಣೆ ಮಾಡಬೇಕಾದ ಕೆಲಸವನ್ನು ಆ ರಿಂಗು ತಾನೇ ಸವೆದು ಮಾಡುತ್ತದೆ. ಅದು ಬೇಗ ಸವೆಯದ ಹಾಗೆ ನೋಡಿಕೊಳ್ಳುವುದೇ ಕಾಕಾನ ಕೆಲಸ, ಪೂಜೆ, ಧ್ಯಾನ ಎಲ್ಲ.

ಅವರ ಮದುವೆಯಲ್ಲೇ ಈ ಧ್ಯಾನ ಎಲ್ಲರಿಗೂ ಗೊತ್ತಾಗಿಹೋಯಿತು. ಅರಿಶಿಣ ಹಚ್ಚುವ ದಿನ ಹೆಂಗಸರು ಬಟ್ಟಲು ಹಿಡಿದು ಬಂದರೆ ಮದುಮಗ ಜಾಗ ಬಿಟ್ಟು ಎದ್ದು ನಿಂತರಂತೆ. "ಅರಿಶಿಣಕ್ಕ ಎಣ್ಣಿ ಕಲಸೀರೇನು? ನೀರಾಗ ಕಲಸ್ಕೊಂಡ ಬರ್ರಿ!"

"ನೀರಾಗ ಯಾರರ ಕಲಸ್ತಾರೇನೋ? ಹೆಣ್ಣಿನ ಕಡಿಯವರು ಏನಂದಾರು?" ಎಂದು ಅಜ್ಜಿ ಹಣೆ ಬಡಿದುಕೊಂಡಳು.

"ಏನರ ಅನ್ಲಿ. ನಾಳೆ ರಜಾ ಮುಗಿಸಿ ಮಷೀನಿಗೆ ಕೈ ಹಚ್ಚಾಂವ ನಾನೋ ಅವರೋ?"

ನೀರಿನಲ್ಲಿ ಕಲಸಿದ ಅರಿಶಿಣ ಒಣಗಿ, ಮದುಮಗ ತಾಳಿ ಕಟ್ಟುವ ಹೊತ್ತಿಗೆ ಮೈಯಿಂದ ಪುಡಿಪುಡಿಯಾಗಿ ಉದುರತೊಡಗಿತು. ಖಂಡೇರಾಜುರಿಯಿಂದ ಬಂದ ಹೊಸ ಮದುಮಗಳು, ಅಂದರೆ ನಮ್ಮ ಕಾಕು, ಓರೆಗಣ್ಣಿನಲ್ಲಿ ನೋಡಿ ಗಾಬರಿಯಾಗಿದ್ದಳಂತೆ. "ನಾ ಅನ್ಕೊಂಡೆ, ಗಂಡಗ ಏನೋ ಚರ್ಮದ ರೋಗ ಐತಿ, ನಮ್ಮಪ್ಪಗ ಮೋಸ ಮಾಡ್ಯಾರಂತ!" ಎಂದು ಅವಳು ಮುಂದೆ ಎಷ್ಟೋ ಸಲ ಹೇಳಿ ನಗಿಸಿದ್ದಾಳೆ. ಹೇಳುವಾಗ ಕಾಕಾ ಪಕ್ಕದಲ್ಲೇ ಇರುತ್ತಿದ್ದರು. ಅವರೂ ನಗುತ್ತಿದ್ದರು.

ಮಾಧವನಗರದ ಅವರ ಮನೆಯಲ್ಲಿ ಕಾಕುವಿನ ಕೊಬ್ಬರಿ ಎಣ್ಣೆಗೆ ಪ್ರವೇಶವಿರಲಿಲ್ಲ. ಬಾಟಲಿ ಪಕ್ಕದ ಮನೆಯಲ್ಲಿ, ಎಲ್ಲರೂ ಮಾವಶಿ ಎನ್ನುವ ಮರಾಠಿ ಅಜ್ಜಿಯ ಕಪಾಟಿನಲ್ಲಿರುತ್ತಿತ್ತು. ಕಾಕು ಅಲ್ಲಿಗೆ ಹೋಗಿ ತಲೆ ಬಾಚಿ, ಹೆಣೆದು, ಕೈಯನ್ನು ಕಡಲೆಹಿಟ್ಟಿನಿಂದ ತೊಳೆದುಕೊಂಡು ಮನೆಗೆ ಬರಬೇಕು. ಅವಳ ಬಟ್ಟೆ ಒಂದು ಬಕೆಟ್ಟು, ಕಾಕಾನ ಡ್ಯೂಟಿ ಬಟ್ಟೆ ಇನ್ನೊಂದು ಬಕೆಟ್ಟು. ಹಾಸಿಗೆಯೂ ಬೇರೆ ಬೇರೆ! ಶೇರ್ ರಿಕ್ಷಾದಲ್ಲಿ ಕಾಕಾ ಪಕ್ಕದವರ ತಲೆಯನ್ನು ಪರೀಕ್ಷಿಸಿಯೇ ಕೂಡುತ್ತಿದ್ದರು. ಹಬ್ಬಕ್ಕೆ ನಾವೆಲ್ಲ ಸೇರಿದರೆ ಅಮ್ಮ ಮೊದಲೇ ಎಚ್ಚರಿಸುತ್ತಿದ್ದಳು: "ಚಕ್ಕಲಿ ತಿಂದ ಕೈಲೆ ಕಾಕಾನ್ನ ಮುಟ್ಟಬ್ಯಾಡ್ರಿ." ಹಬ್ಬದ ದಿನ ಚಕ್ಕಲಿ ತಿನ್ನದ ಕೈ ಯಾವ ಮಗುವಿಗಿರುತ್ತದೆ? ಹೀಗಾಗಿ ನಮ್ಮಲ್ಲಿ ಯಾರೂ ಕಾಕಾನ ತೊಡೆಯ ಮೇಲೆ ಕೂತವರಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಬಾಗಿಲ ಹತ್ತಿರ ಬೇರೆ ಕುರ್ಚಿ ಹಾಕಿಕೊಂಡು, ಕೈ ಕಟ್ಟಿಕೊಂಡು, ನಮ್ಮ ಗದ್ದಲ ನೋಡುತ್ತ ಕೂಡುತ್ತಿದ್ದರು.

ಹಾಗಂತ ಮೌನಿ ಎಂದು ತಿಳಿಯಬೇಡಿ. ರಿಂಗಿನ ವಿಷಯ ಎತ್ತಿದರೆ ಮುಗಿಯಿತು, ನಿಮ್ಮ ಬಸ್ಸು ತಪ್ಪಿದಂತೆಯೇ ಲೆಕ್ಕ! ಹೊಸ ರಿಂಗು ಹಾಕಿದ ಕೂಡಲೇ ಪೂರ್ತಿ ಒತ್ತಡ ಕೊಡಬಾರದು. ಮೊದಲು ಹಗುರಾಗಿ ಓಡಿಸಬೇಕು. ಆಗ ರಿಂಗು ಒಂದಿಷ್ಟು ಸವೆದು, ಸಿಲಿಂಡರಿನ ಒಳಮೈಗೆ ತನ್ನದೇ ತೆಳುವಾದ ಲೇಪ ಹಚ್ಚುತ್ತದೆ. ಆ ಲೇಪ ಕೂತ ಮೇಲೆ ಸವೆತ ಕಡಿಮೆ. ಇದನ್ನು ನಮ್ಮ ಬಳಗದ ಎಲ್ಲ ಹೊಸ ದಂಪತಿಗಳೂ ಕೇಳಿದ್ದಾರೆ. ಉಳಿದ ಹಿರಿಯರು ಅಕ್ಷತೆ ಹಾಕಿ ನೂರು ವರ್ಷ ಬಾಳಿ ಎಂದರೆ ಕಾಕಾ ಮದುಮಗನ ಕಿವಿಯಲ್ಲಿ ಹೇಳುತ್ತಿದ್ದರು, "ಮೊದಲ ಲೋಡ್ ಹಾಕಬ್ಯಾಡ. ಹಗರಕ ನಡಸು. ಒಂದೀಟು ಸವೀತೈತಿ, ಸವೀಲಿ. ಆಮ್ಯಾಲ ತಾನ ಹೊಂದ್ಕೊಂತೈತಿ." ನನ್ನ ಗಂಡ ಇದನ್ನು ಮೋಟರ್‌ಸೈಕಲ್ಲಿನ ಬಗ್ಗೆ ಎಂದು ತಿಳಿದು ವಾರಗಟ್ಟಲೆ ಗಾಡಿ ನಿಧಾನವಾಗಿ ಓಡಿಸಿದರು!

ಇನ್ನೊಂದು ಹುಚ್ಚೂ ಇತ್ತು. ಅಡ್ಡ ಮಲಗಿದ ಪಿಸ್ಟನ್ನಿನ ಭಾರವೆಲ್ಲ ಕೆಳಬದಿಗೆ ಬೀಳುವುದರಿಂದ ಅದನ್ನು ಹೊತ್ತ ರಿಂಗು ಒಂದೇ ಕಡೆ ಸವೆಯುತ್ತದೆ. ಆಗಾಗ ತಿರುಗಿಸಿ ಹಾಕಿದರೆ ಬಾಳಿಕೆ ಬರುತ್ತದೆ. ಕಾಕಾ ಈ ನ್ಯಾಯವನ್ನು ಮನೆಯ ಗಾದಿ, ದಿಂಬು, ಚಾಪೆಗಳಿಗೂ ಹಚ್ಚಿದರು. ಅತಿಥಿಗಳನ್ನೂ ಬಿಡಲಿಲ್ಲ. "ನೀವು ಹೋದ ಸಲಾನೂ ಇಲ್ಲೇ ಕುಂತಿದ್ರಿ, ಇವತ್ತ ಆ ತುದಿಗೆ ಸರೀರಿ. ಸೋಫಾ ಒಂದ ಕಡಿ ಸವೀತೈತಿ." ನಮ್ಮ ಅಪ್ಪ ಸಿಟ್ಟಾಗಿ ನೆಲದ ಮೇಲೆ ಕೂತ. ನೆಲಕ್ಕೆ ಕಾಕಾನ ಆಕ್ಷೇಪವಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ರಂಪ ಖಂಡೇನವಮಿಯದು. ಆಯುಧಪೂಜೆಯ ದಿನ ಕಾರ್ಖಾನೆಗೆ ಕೆಲಸಗಾರರ ಮನೆಯವರನ್ನೂ ಕರೆದಿದ್ದರು. ಕಂಪ್ರೆಸರಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಕಾಕು ಇಳಕಲ್ ಸೀರೆ ಉಟ್ಟು, ಗಂಡ ಹಗಲಿರುಳು ಹೊಗಳುವ ಆ ಯಂತ್ರವನ್ನು ಮೊದಲ ಸಲ ನೋಡುವ ಸಂಭ್ರಮದಲ್ಲಿ, ಮಾವಶಿಯ ಮನೆಯಿಂದಲೇ ಆರತಿ ತಟ್ಟೆ ಸಜ್ಜು ಮಾಡಿಕೊಂಡು ಬಂದಿದ್ದಳು. ತಟ್ಟೆಯಲ್ಲಿ ಏನಿತ್ತು? ಎಣ್ಣೆ ತುಂಬಿದ ದೀಪ! ಗೇಟಿನೊಳಗೆ ಅವಳು ಕಾಲಿಡುವುದಕ್ಕೂ ಕಾಕಾ ಕೂಗುವುದಕ್ಕೂ ಸರಿಹೋಯಿತು.

"ನಿಂದ್ರ! ಅಲ್ಲೇ ನಿಂದ್ರ! ಯಾರರ ಆಕೀನ್ನ ಹಿಡೀರಿ!"

ಮಾಲೀಕರ ತಾಯಿ ಬೇಸರದಿಂದ ಮರಾಠಿಯಲ್ಲಿ, "ದಿವಾಚ ನಾಹೀ, ಮಗ ಪೂಜಾ ಕಸಲೀ?" ಎಂದರು. ದೀಪವೇ ಇಲ್ಲದೆ ಎಂಥ ಪೂಜೆ? ಕಾಕಾ ಅವರಿಗೂ ಮಣಿಯಲಿಲ್ಲ. ತೆಂಗಿನಕಾಯಿಯನ್ನೂ ರಸ್ತೆಯ ಆಚೆ ಒಡೆಸಿದರು, ಅದರೊಳಗೂ ಎಣ್ಣೆ ಇದೆಯಲ್ಲ! ಕೊನೆಗೆ ಕಾಕು, ಜೊತೆಗೆ ಬಂದಿದ್ದ ಮಾವಶಿಯ ಮೊಮ್ಮಗನ ಕೈಯಲ್ಲಿದ್ದ ಬ್ಯಾಟರಿ ದೀಪವನ್ನು ತಟ್ಟೆಯಲ್ಲಿಟ್ಟು ದೂರದಿಂದಲೇ ಬೆಳಗಿದಳು. ವಾಪಸು ಬರುವಾಗ ರಿಕ್ಷಾದಲ್ಲಿ ಅವಳು ಅಂದಳು, "ನನ್ನ ಸವತೀಗೆ ನಾನ ಆರತಿ ಮಾಡಿ ಬಂದೆ ನೋಡ್ರಿ." ಕಾಕಾ ತಲೆ ತಗ್ಗಿಸಿ ಬಹಳ ಹೊತ್ತು ನಕ್ಕರು.

ಆ ಕಾಕು ಒಂದು ಮಧ್ಯಾಹ್ನ ಭಕ್ಕರಿ ತಟ್ಟುತ್ತ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಮುಂದೆ ಸ್ವಲ್ಪ ದಿನಕ್ಕೆ ಕಾರ್ಖಾನೆಯಲ್ಲಿ ಹೊಸ ವ್ಯವಸ್ಥೆ ಬಂತು. ದ್ರವ ಆಕ್ಸಿಜನ್ನಿನ ದೊಡ್ಡ ಟ್ಯಾಂಕು ನಿಲ್ಲಿಸಿದರು. ಇನ್ನು ಬೇಡವಾದ ಹಳೆಯ ಕಂಪ್ರೆಸರನ್ನು ಬಿಚ್ಚಿ ಲಾರಿಗೆ ಏರಿಸಿದರು. ಕಾಕಾನಿಗೆ ಶಾಲು ಹೊದಿಸಿ ಕಳಿಸಿದರು.

ಆಮೇಲೆ ಕಾಕಾನ ಮಾತು ನಿಂತಿತು. ಮಾಧವನಗರದ ಓಣಿಯಲ್ಲಿ ಎಲ್ಲರೂ ಮರಾಠಿಯವರು. ಕಾಕಾನಿಗೂ ಮರಾಠಿ ಚೆನ್ನಾಗಿಯೇ ಬರುತ್ತದೆ. ಆದರೆ ಅವರು ದಿನಾ ಮನೆಯಲ್ಲಿ ಕನ್ನಡದಲ್ಲಿ ಜಗಳವಾಡುತ್ತಿದ್ದುದು, ನಗುತ್ತಿದ್ದುದು, ರಿಂಗಿನ ಪುರಾಣ ಹೇಳುತ್ತಿದ್ದುದು ಕಾಕು ಒಬ್ಬಳ ಹತ್ತಿರ ಮಾತ್ರ. ಮಿರಜಿನ ಹತ್ತಿರದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನಾನು ದಿನಾ ಸಂಜೆ ಫೋನು ಮಾಡುತ್ತಿದ್ದೆ.

"ಊಟಾ ಆತ್ರಿ ಕಾಕಾ?"

"ಆತು."

"ಏನ ಮಾಡಾಕತ್ತೀರಿ?"

"ಕುಂತೇನಿ."

ಮಾತು ಬೆಳೆಯಲಿ ಎಂದು ಬೇಕಂತಲೇ ಕೇಳಿದೆ, "ಕಾಕಾ, ಆ ರಿಂಗಿಗೆ ಧೂಳ ಹೋದ್ರ ಏನಾಗತೈತ್ರಿ?" ಹಿಂದಿನ ಕಾಕಾ ಆಗಿದ್ದರೆ ನನ್ನ ಫೋನಿನ ಚಾರ್ಜು ಮುಗಿಯುತ್ತಿತ್ತು. "ಸವೀತೈತಿ," ಎಂದು ಇಟ್ಟುಬಿಟ್ಟರು. ಮನೆಗೆ ಹೋಗಿ ನೋಡಿದರೆ ಗಾದಿಯನ್ನು ತಿರುಗಿಸುವುದನ್ನೂ ಬಿಟ್ಟಿದ್ದರು. ಅಡುಗೆಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ. ಈ ಮನುಷ್ಯ ಹೀಗೇ ಕೂತು ಕೂತು ಒಂದು ದಿನ ಆರಿಹೋಗುತ್ತಾರೆ ಎಂದು ನನಗೆ ನಿಜವಾಗಿಯೂ ಭಯವಾಯಿತು. "ನಮ್ಮ ಮನೀಗೆ ಬಂದಬಿಡ್ರಿ" ಎಂದರೆ "ಬರ್ತೇನಿ ತಗೋ" ಎನ್ನುತ್ತಿದ್ದರು. ಬರುತ್ತಿರಲಿಲ್ಲ.

ಈ ಸಲ ದೀಪಾವಳಿಗೆ ನಾನೇ ಹೋದೆ. ನರಕ ಚತುರ್ದಶಿಯ ಬೆಳಗ್ಗೆ ಬಿಸಿನೀರಿಗಿಟ್ಟು, ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು, ಹಿತ್ತಲಲ್ಲಿ ಮಣೆ ಹಾಕಿ ಕರೆದೆ. "ಕಾಕಾ, ಇನ್ನೇನು ಪ್ಲಾಂಟಿಲ್ಲ, ಮಷೀನಿಲ್ಲ. ಬೆಂಕಿ ಹತ್ತೂದು ಯಾರಿಗೆ? ಕುಂದ್ರಿ, ಇವತ್ತರ ಎಣ್ಣಿ ಹಚ್ಚತೇನಿ."

ಬಂದು ಕೂತರು! ಗೆದ್ದೆ ಎಂದುಕೊಂಡೆ. ಆದರೆ ಬಟ್ಟಲನ್ನು ನೋಡುತ್ತ ನೋಡುತ್ತ ತಲೆ ಹಿಂದಕ್ಕೆ ತೆಗೆದುಕೊಂಡರು.

"ಬ್ಯಾಡ ಯವ್ವಾ."

"ಇನ್ನೂ ಹೆದರಿಕಿ ಏನ್ರಿ?"

"ಹೆದರಿಕಿ ಅಲ್ಲ. ಪ್ರತಿ ದೀಪಾವಳಿಗೆ ನಿಮ್ಮ ಕಾಕು ಹಿಂಗ ಬಟ್ಟಲಾ ಹಿಡ್ಕೊಂಡ ನಿಂದರ್ತಿದ್ಲು. ಒಂದ ಬೊಟ್ಟರ ಹಚ್ಚಿಸ್ಕೋರಿ ಅಂತಿದ್ಲು. ಡ್ಯೂಟಿ ಐತಿ ಅಂತ ನಾ ಒಮ್ಮೆನೂ ತಲಿ ಕೊಡಲಿಲ್ಲ. ಈಗ ಆಕಿ ಇಲ್ಲದಾಗ ಹಚ್ಚಿಸ್ಕೊಂಡ್ರ ಆಕಿ ಬ್ಯಾಸರಾ ಮಾಡ್ಕೊಳ್ಳೂದಿಲ್ಲೇನು?"

ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಂಡೆ. "ಎಣ್ಣಿ ಬ್ಯಾಡಂದ್ರ ಬಿಡ್ರಿ. ತಲಿ ಕೊಡ್ರಿ" ಎಂದು ಬರಿಗೈಯಿಂದಲೇ ತಿಕ್ಕತೊಡಗಿದೆ. ಮೊದಲು ಮೈ ಬಿಗಿ ಹಿಡಿದು ಕೂತಿದ್ದರು. ಶಾಲೆಯ ಸುದ್ದಿ, ಓಣಿಯ ಸುದ್ದಿ ಹೇಳುತ್ತ ನೆತ್ತಿ, ಕಿವಿಯ ಹಿಂದೆ, ಕುತ್ತಿಗೆ ತಿಕ್ಕಿದೆ. ನಿಧಾನವಾಗಿ ಅವರ ತಲೆಯ ಭಾರ ನನ್ನ ಅಂಗೈಗೆ ಬಂತು. ಸಾಕಾಯಿತೇನೋ ಎಂದು ಕೈ ತೆಗೆಯಹೋದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ತಗೀಬ್ಯಾಡ," ಎಂದರು. "ಆಕಿ ಹೋದ ಮ್ಯಾಲ ನನ್ನ ಯಾರೂ ಮುಟ್ಟಿಲ್ಲ ಯವ್ವಾ."

ಒಳಗೆ ಸ್ನಾನದ ನೀರು ಕುದಿಯುವುದು ಕೇಳುತ್ತಿತ್ತು. ಕುದಿಯಲಿ ಎಂದುಕೊಂಡು ನಾನು ತಿಕ್ಕುತ್ತಲೇ ಇದ್ದೆ.