ಕಾರ್ಪೊರಲ್ ರಮಾಕಾಂತರ ಬಿಡುಗಡೆಯನ್ನು ಮೇಲ್ದರ್ಜೆಗೇರಿಸಿದ ಪ್ರಕರಣ

ಎರಡು ಸಾವಿರದ ಹನ್ನೆರಡನೇ ಇಸವಿಯ ಅಕ್ಟೋಬರ್ ಇಪ್ಪತ್ಮೂರರ ಮಂಗಳವಾರ ಸಂಜೆ ಆರೂವರೆಗೆ, ಆಸ್ಟ್ರೇಲಿಯಾದ ಪರ್ತ್ ನಗರದ ಪಶ್ಚಿಮ ಮೀಸಲು ಸಾಗಣೆ ದಳದ ಆವರಣದಲ್ಲಿ, ಕಾರ್ಪೊರಲ್ ರಮಾಕಾಂತ್ ಅವರು ನಾಲ್ಕನೇ ನಂಬರಿನ ಲಾರಿಗೆ ಆಯುಧಪೂಜೆ ಮಾಡಿದರು. ಇದನ್ನು ಯಾರೂ ಅಲ್ಲಗಳೆದಿಲ್ಲ. ಉಳಿದ ವಿಷಯಗಳೆಲ್ಲ ಎರಡೂವರೆ ವರ್ಷ ವಿಚಾರಣೆಯಲ್ಲಿದ್ದು ಈಗ ಸರ್ವರ ಸಮಾಧಾನಕ್ಕೆ ಇತ್ಯರ್ಥವಾಗಿವೆ.

ರಮಾಕಾಂತ್ ಮೈಸೂರಿನವರು, ಮೆಕ್ಯಾನಿಕಲ್ ಇಂಜಿನಿಯರು. ವಿಲೆಟನ್ ಬಡಾವಣೆಯಲ್ಲಿ ಸ್ವಂತ ಮನೆ, ಹೆಂಡತಿ ಮೈಥಿಲಿ, ಹೈಸ್ಕೂಲಿಗೆ ಹೋಗುವ ಮಗಳು ಪ್ರಣತಿ. ಹಗಲು ಗಣಿ ಕಂಪನಿಯೊಂದರ ಪಂಪುಗಳನ್ನು ನೋಡಿಕೊಳ್ಳುತ್ತಿದ್ದ ಅವರು ಮಂಗಳವಾರ ಸಂಜೆ ಮತ್ತು ಕೆಲವು ವಾರಾಂತ್ಯಗಳಲ್ಲಿ ಮೀಸಲು ಸೈನಿಕರಾಗಿರುತ್ತಿದ್ದರು. ಹೀಗೆ ಒಂಬತ್ತು ವರ್ಷ. ಅದರಲ್ಲಿ ಏಳು ತಿಂಗಳು ಹೊರದೇಶದಲ್ಲಿ ಲಾರಿ ಓಡಿಸಿ ಒಂದು ಪದಕವನ್ನೂ ತಂದಿದ್ದರು.

ಆ ಸಂಜೆ ಅವರು ಲಾರಿಗೆ ವಿಭೂತಿ ಬಳಿದು, ಅರಿಶಿನ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, ಒಂದು ಮಾರು ಮುಂದಕ್ಕೆ ಓಡಿಸಿ ಹಣ್ಣುಗಳನ್ನು ಅಪ್ಪಚ್ಚಿ ಮಾಡಿದರು. ನಂತರ ಏಷ್ಯನ್ ಅಂಗಡಿಯಿಂದ ತಂದಿದ್ದ ಬೂದುಗುಂಬಳಕಾಯಿಯ ಹೊಟ್ಟೆಗೆ ಕುಂಕುಮ ತುಂಬಿ ಗೇಟಿನ ಮುಂದೆ ಒಡೆದರು. ಒಡೆದವರು ಸಹೋದ್ಯೋಗಿಗಳಿಗೆ ಹಂಚಲೆಂದು ಕಡಲೆಪುರಿ ತರಲು ತಮ್ಮ ಕಾರಿನ ಕಡೆಗೆ ನಡೆದರು.

ಗೇಟಿನ ಕಾವಲುಗಾರ ಬಂದು ನೋಡಿದಾಗ ನೆಲದ ಮೇಲೆ ಕೆಂಪಗೆ, ತಿರುಳು ತಿರುಳಾಗಿ ಏನೋ ಬಿದ್ದಿತ್ತು. ಆತ ಸೈರನ್ ಒತ್ತಿದ. ಇಡೀ ದಳ ನಿಯಮದಂತೆ ನೆಲಕ್ಕೆ ಕವುಚಿಕೊಂಡಿತು. ಮಲಗಿದಲ್ಲೇ ಹಾಜರಿ ಕೂಗಲಾಗಿ ಒಬ್ಬರು ಕಡಿಮೆ ಬಂದರು, ಅವರೇ ಕಾರ್ಪೊರಲ್ ರಮಾಕಾಂತ್. ಕೆಂಪಗೆ ಬಿದ್ದಿರುವುದು ಅವರೇ ಎಂದು ತೀರ್ಮಾನಿಸಿ ಟೋಪಿಗಳನ್ನು ತೆಗೆಯಲಾಯಿತು. ನಲವತ್ತು ನಿಮಿಷಗಳ ತರುವಾಯ ಮೃತರು ಕಡಲೆಪುರಿಯ ಪೊಟ್ಟಣದೊಂದಿಗೆ ಹಾಜರಾಗಿ, "ಯಾಕೆ ಎಲ್ಲರೂ ಮಲಗಿದೀರಿ?" ಎಂದು ಕೇಳಿದರು. ಕಾರಿನಲ್ಲಿ ಕೂತು ಮೈಸೂರಿಗೆ ಫೋನ್ ಮಾಡಿ, ಪೂಜೆ ಚೆನ್ನಾಗಾಯಿತೆಂದು ತಿಳಿಸುತ್ತಿದ್ದುದರಿಂದ ತಡವಾಗಿತ್ತು.

ಅವರ ಮೇಲೆ ಮೂರು ಆರೋಪ ಹೊರಿಸಲಾಯಿತು. ಸೇನಾ ವಾಹನಕ್ಕೆ ಅನಧಿಕೃತವಾಗಿ ಬಣ್ಣ ಬಳಿದದ್ದು. ಹಣ್ಣು ತರಕಾರಿಗಳ ದುರ್ಬಳಕೆ. ತಾನು ಸತ್ತಿರುವ ಸಂಗತಿಯನ್ನು ಸಕಾಲದಲ್ಲಿ ನಿರಾಕರಿಸದೆ ದಳದ ಮನೋಬಲಕ್ಕೆ ಕುಂದು ತಂದದ್ದು. ಕ್ರಿಸ್ಮಸ್ಸಿಗೆ ಮುಂಚೆ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ಕಾಗದದಲ್ಲಿ 'ಬಿಡುಗಡೆಯ ಬಗೆ' ಎಂಬಲ್ಲಿ 'ದುರ್ನಡತೆ' ಎಂದು ಟೈಪು ಮಾಡಿತ್ತು.

ರಮಾಕಾಂತ್ ಇದನ್ನು ಮಗಳಿಗೆ ಹೇಳಲಿಲ್ಲ. ಮಂಡಿನೋವಿನಿಂದ ತಾನೇ ಬಿಟ್ಟೆ ಎಂದರು. ಆವತ್ತಿನಿಂದ ಪ್ರಣತಿ ಮನೆಯಲ್ಲಿದ್ದಾಗಲೆಲ್ಲ ಕುಂಟುತ್ತಿದ್ದರು. ಹೀಗೇ ಇರಬಹುದಾಗಿತ್ತು. ಆದರೆ ಎರಡು ಸಾವಿರದ ಹದಿನೈದರ ಏಪ್ರಿಲ್ ಇಪ್ಪತ್ತೈದಕ್ಕೆ ಆನ್ಜಾಕ್ ದಿನದ, ಅಂದರೆ ಅಲ್ಲಿನ ಯೋಧರ ಸ್ಮರಣೆಯ ದಿನದ, ನೂರನೇ ವರ್ಷ ಬರುವುದಿತ್ತು. ಮಾಜಿ ಸೈನಿಕರೆಲ್ಲ ತಮ್ಮ ತಮ್ಮ ದಳದ ಬ್ಯಾನರಿನ ಹಿಂದೆ ಪದಕ ಧರಿಸಿ ನಡೆಯುವ ದಿನ ಅದು. ನನ್ನ ಡ್ಯಾಡ್ ನಡೀತಾರೆ, ಪಕ್ಕದಲ್ಲಿ ನಾನೂ ನಡೀತೀನಿ ಎಂದು ಪ್ರಣತಿ ಎರಡು ವರ್ಷ ಮೊದಲೇ ಇಡೀ ಕ್ಲಾಸಿಗೆ ಹೇಳಿಬಿಟ್ಟಿದ್ದಳು. ದಳದ ನಿಯಮವೋ ಸ್ಪಷ್ಟವಾಗಿತ್ತು: ಬ್ಯಾನರಿನ ಹಿಂದೆ ನಡೆಯುವವರ ಬಿಡುಗಡೆ 'ಗೌರವಯುತ' ಆಗಿರತಕ್ಕದ್ದು.

"ಅವಳಿಗೆ ನಿಜ ಹೇಳ್ಬಿಡ್ರೀ," ಎಂದರು ಮೈಥಿಲಿ.

"ಏನಂತ ಹೇಳ್ಲಿ? ಕುಂಬಳಕಾಯಿ ಒಡೆದಿದ್ದಕ್ಕೆ ನಿಮ್ಮಪ್ಪನ್ನ ಮಿಲಿಟರಿಯಿಂದ ಓಡಿಸಿದ್ರು ಅಂತಲಾ?"

"ಮತ್ತೆ ಇನ್ನೇನ್ ಮಾಡ್ತೀರಿ?"

"ಅರ್ಜಿ ಹಾಕ್ತೀನಿ."

ಬಿಡುಗಡೆಗಳನ್ನು ಮೇಲ್ದರ್ಜೆಗೇರಿಸಲು ಒಂದು ಮರುಪರಿಶೀಲನಾ ಮಂಡಳಿಯಿದೆ. ಒಂದೇ ಊರಿನಲ್ಲಿದ್ದರೆ ಪಕ್ಷಪಾತಕ್ಕೆ ಎಡೆಯಾಗುತ್ತದೆಂದು ಅದನ್ನು ಮೂರು ಊರುಗಳಿಗೆ ಹಂಚಲಾಗಿದೆ. ಪರ್ತ್ ಕಚೇರಿ ಅರ್ಜಿಯನ್ನು ಸ್ವೀಕರಿಸುತ್ತದೆ. ಬ್ರಿಸ್ಬೇನ್ ಕಚೇರಿ ಅರ್ಥಮಾಡಿಕೊಳ್ಳುತ್ತದೆ. ಅಡಿಲೇಡ್ ಕಚೇರಿ ತೀರ್ಮಾನಿಸುತ್ತದೆ. ಒಂದು ಕಚೇರಿ ಇನ್ನೊಂದರ ಕೆಲಸದಲ್ಲಿ ತಲೆಹಾಕುವಂತಿಲ್ಲ. ಅಂದರೆ ಸ್ವೀಕರಿಸುವವರು ಅರ್ಥಮಾಡಿಕೊಳ್ಳಬಾರದು, ತೀರ್ಮಾನಿಸುವವರಿಗೂ ಆ ಬಾಧ್ಯತೆ ಇಲ್ಲ. ಮೂರು ಊರಿನ ಗಡಿಯಾರಗಳೂ ಬೇರೆ ಬೇರೆಯಾದ್ದರಿಂದ, ಎಲ್ಲರೂ ಊಟ ಚಹಾ ಮುಗಿಸಿ ಏಕಕಾಲಕ್ಕೆ ಕುರ್ಚಿಯಲ್ಲಿರುವ ಸಮಯ ದಿನಕ್ಕೆ ಇಪ್ಪತ್ತೈದು ನಿಮಿಷ. ಆ ಅವಧಿಯಲ್ಲಿ ಕೊಟ್ಟ ಅರ್ಜಿಗೆ ಮಾತ್ರ ಬೆಲೆ.

ಪರ್ತ್ ಕಚೇರಿಯ ಗುಮಾಸ್ತೆ ಬೆವರ್ಲಿ ಒಳ್ಳೆಯ ಹೆಂಗಸು. ಅರ್ಜಿಯನ್ನು ತಿರುವಿ ನೋಡಿದರು.

"ದುರ್ನಡತೆಯ ವಿಧ ಬರೆದಿಲ್ಲವಲ್ಲ, ಲವ್. ಕುಡಿತ, ಗೈರುಹಾಜರಿ, ಕಳ್ಳತನ, ಹೊಡೆದಾಟ. ಯಾವುದು?"

"ಪೂಜೆ."

"ಅದು 'ಇತರೆ'. ಇತರೆ ಹಾಕಿದರೆ ಕಷ್ಟ. ಸ್ವಲ್ಪವೂ ಕುಡಿದಿರಲಿಲ್ಲವಾ?"

"ಇಲ್ಲ ಮೇಡಂ, ಉಪವಾಸ ಇದ್ದೆ."

"ಅಯ್ಯೋ ಪಾಪ," ಎಂದರು ಬೆವರ್ಲಿ ನಿಜವಾದ ಮರುಕದಿಂದ. "ಕುಡಿದಿದ್ದರೆ ಆರು ವಾರದಲ್ಲಿ ಮುಗೀತಿತ್ತು. ಅದಕ್ಕೆ ಫಾರಂ ಇದೆ."

'ಇತರೆ' ವರ್ಗದ ಅರ್ಜಿಗಳಿಗೆ ತಜ್ಞರ ವರದಿ ಕಡ್ಡಾಯ. ಬ್ರಿಸ್ಬೇನ್ ಕಚೇರಿಯವರು ತಜ್ಞರನ್ನು ಹುಡುಕಿ, ಅಲ್ಲಿನ ವಿಶ್ವವಿದ್ಯಾಲಯದ ಸೇಂಟ್ ಲೂಸಿಯಾ ಕ್ಯಾಂಪಸ್ಸಿನಲ್ಲಿದ್ದ ಡಾಕ್ಟರ್ ಹಂಸಾ ಅವರನ್ನು ನೇಮಿಸಿದರು. ಹಂಸಾ ಅವರ ಸಂಶೋಧನೆ ಪ್ರವಾಹದ ನೀರಿನ ವೇಗದ ಮೇಲೆ. ಆದರೆ ಅವರ ಪರಿಚಯಪತ್ರದಲ್ಲಿ ಹುಟ್ಟೂರು ಮೈಸೂರು ಎಂದಿದ್ದುದರಿಂದ ಅರ್ಹತೆಯ ಪ್ರಶ್ನೆ ಏಳಲಿಲ್ಲ. ನಾನು ಪೂಜೆ ಪುನಸ್ಕಾರದ ತಜ್ಞೆಯಲ್ಲ ಎಂದು ಅವರು ಬರೆದ ಪತ್ರವನ್ನು ವಿನಯವೆಂದು ದಾಖಲಿಸಿಕೊಳ್ಳಲಾಯಿತು. ಬೇರೆ ದಾರಿಯಿಲ್ಲದೆ ಹಂಸಾ, ಸಿಟಿಗೆ ಹೋಗುವ ಫೆರಿಯಲ್ಲಿ ಕೂತು, ಮೈಸೂರಿನಲ್ಲಿದ್ದ ತಾಯಿ ರುಕ್ಮಿಣಿಯವರಿಗೆ ಫೋನ್ ಮಾಡಿದರು.

"ಅಮ್ಮಾ, ಗಾಡಿ ಚಕ್ರದ ಕೆಳಗೆ ನಿಂಬೆಹಣ್ಣು ಯಾಕಮ್ಮ ಇಡೋದು?"

"ಇಡ್ಬೇಕು, ಅದಕ್ಕೇ."

"ಹಾಗಲ್ಲ, ಕಾರಣ ಬೇಕು. ಇಲ್ಲಿನ ಮಿಲಿಟರಿಯೋರಿಗೆ ಬರ್ದುಕೊಡ್ಬೇಕು."

"ಯಾಕೆ, ಅವರು ಇಡಲ್ವಂತಾ? ಇಷ್ಟೊಂದು ಗಾಡಿ ಇಟ್ಕೊಂಡು?"

"ಒಬ್ಬರು ಇಟ್ರಮ್ಮ, ಒಂದು ಲಾರಿಗೆ. ಕೆಲಸದಿಂದ ತೆಗೆದುಹಾಕಿದ್ರು."

"ತೆಗೀದೆ ಇನ್ನೇನ್ ಮಾಡ್ತಾರೆ! ಒಂದಕ್ಕಿಟ್ಟು ಮಿಕ್ಕಿದ್ದನ್ನ ಹಾಗೇ ಬಿಡ್ತಾರೇನೇ ಯಾರಾದ್ರೂ? ಉಳಿದ ಗಾಡಿಗಳಿಗೆ ದೃಷ್ಟಿ ಆಗಲ್ವಾ? ಅಷ್ಟೂ ತಿಳೀದ ಮನುಷ್ಯನಾ ಅವನು?"

ಹಂಸಾ ಪ್ರಾಮಾಣಿಕ ಸಂಶೋಧಕಿ. ಕೇಳಿದ್ದನ್ನು ಕೇಳಿದ ಹಾಗೇ ವರದಿಯ ಆರನೇ ಪರಿಚ್ಛೇದದಲ್ಲಿ ಬರೆದರು: 'ಸದರಿ ವಿಧಿಯನ್ನು ಒಂದೇ ವಾಹನಕ್ಕೆ ಸೀಮಿತಗೊಳಿಸುವುದು ಉಳಿದ ವಾಹನಗಳ ಸುರಕ್ಷತೆಗೆ ಮಾರಕ. ಮೂಲ: ರುಕ್ಮಿಣಿ, ಮೈಸೂರು, ಐವತ್ತೊಂದು ವರ್ಷಗಳ ಕ್ಷೇತ್ರಾನುಭವ.'

ಬ್ರಿಸ್ಬೇನ್ ಕಚೇರಿ ಅರ್ಥಮಾಡಿಕೊಳ್ಳುವ ಕಚೇರಿಯಾದ್ದರಿಂದ ಈ ಪರಿಚ್ಛೇದವನ್ನು ಪರೀಕ್ಷೆಗೆ ಒಳಪಡಿಸಿತು. ದಳದ ವರ್ಕ್‌ಶಾಪ್ ದಾಖಲೆಗಳನ್ನು ತರಿಸಿ ನೋಡಲಾಗಿ, ಪೂಜೆಯ ನಂತರದ ಎರಡು ವರ್ಷಗಳಲ್ಲಿ ನಾಲ್ಕನೇ ನಂಬರಿನ ಲಾರಿ ಒಮ್ಮೆಯೂ ಪಂಕ್ಚರ್ ಆಗಿರಲಿಲ್ಲ. ಉಳಿದ ಹನ್ನೊಂದು ಲಾರಿಗಳು ಒಟ್ಟು ಅರವತ್ತಮೂರು ಸಲ ಕೆಟ್ಟು ನಿಂತಿದ್ದವು. ಪೂಜೆಯಲ್ಲಿ ಬಳಸಿದ ಮಾದರಿಯ ನಾಲ್ಕು ನಿಂಬೆಹಣ್ಣನ್ನು ಸಾಕ್ಷ್ಯವಾಗಿ ಅಡಿಲೇಡಿಗೆ ಕಳಿಸಬೇಕಾಗಿತ್ತು. ಹಣ್ಣಿನ ನೊಣದ ಭಯದಿಂದ ಒಂದು ರಾಜ್ಯದ ಹಣ್ಣನ್ನು ಇನ್ನೊಂದು ರಾಜ್ಯಕ್ಕೆ ಸುಮ್ಮನೆ ಒಯ್ಯುವಂತಿಲ್ಲವಾದ್ದರಿಂದ ಪ್ಲಾಸ್ಟಿಕ್ ನಿಂಬೆಹಣ್ಣುಗಳನ್ನು ಕಳಿಸಿ, 'ಹಿಂಡತಕ್ಕದ್ದಲ್ಲ' ಎಂಬ ಚೀಟಿ ಅಂಟಿಸಿದರು.

ವಿಚಾರಣೆ ನಡೆದದ್ದು ಎರಡು ಸಾವಿರದ ಹದಿನೈದರ ಮಾರ್ಚಿನಲ್ಲಿ, ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ, ಒಂದು ಸಾಫ್ಟ್‌ವೇರ್ ಕಂಪನಿಯ ಮೇಲಿನ ಮಹಡಿಯಲ್ಲಿ. ಮೆರವಣಿಗೆಗೆ ಆರು ವಾರ ಉಳಿದಿತ್ತು. ಮಂಡಳಿಯ ಅಧ್ಯಕ್ಷರು ನಿವೃತ್ತ ಮೇಜರ್ ಪ್ರೈಸ್. ರಮಾಕಾಂತ್ ಕೋಟು ಹಾಕಿಕೊಂಡು ನಿಂತರು. ಹಿಂದಿನ ಕುರ್ಚಿಯಲ್ಲಿ ಮೈಥಿಲಿ.

"ದಳದಲ್ಲಿ ಎಷ್ಟು ಲಾರಿಗಳಿದ್ದವು?" ಎಂದು ಮೇಜರ್ ಕೇಳಿದರು.

"ಹನ್ನೆರಡು, ಸರ್."

"ನಿಂಬೆಹಣ್ಣು ಇಟ್ಟದ್ದು?"

"ಒಂದಕ್ಕೆ, ಸರ್. ತಪ್ಪಾಯ್ತು, ಸರ್."

"ತಪ್ಪೇ. ಉಳಿದ ಹನ್ನೊಂದು ಲಾರಿಗಳಲ್ಲಿ ಕೂತಿದ್ದವರು ನಿಮ್ಮ ಜೊತೆಯವರಲ್ಲವೇ?"

ರಮಾಕಾಂತರಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ತಿಳಿಯಲಿಲ್ಲ. "ಅವರನ್ನೂ ಕೇಳಿದ್ದೆ, ಸರ್. ಬೇಡ ಅಂದ್ರು."

"ಬೇಡ ಅಂದರು, ನೀವು ಬಿಟ್ಟಿರಿ. ಅರವತ್ತಮೂರು ಸಲ, ಮಿಸ್ಟರ್ ರಮಾಕಾಂತ್! ಒಂದು ಸಲವಂತೂ ನಾನೇ ಆ ಲಾರಿಯಲ್ಲಿದ್ದೆ. ಪೆಟ್ರೋಲ್ ಬಂಕ್ ಸಿಗುವವರೆಗೆ ಹನ್ನೊಂದು ಕಿಲೋಮೀಟರ್ ಬಿಸಿಲಿನಲ್ಲಿ ನಡೆದೆ."

ಹೀಗಾಗಿ ಮಂಡಳಿಯು ಮೂಲ ಆರೋಪಗಳನ್ನು ಕೈಬಿಟ್ಟಿತು. ಪೂಜೆ ಮಾಡಿದ್ದು ಅಪರಾಧವಲ್ಲ, ಪೂರ್ತಿ ಮಾಡದಿದ್ದುದು ಅಪರಾಧ ಎಂದಾಯಿತು. ಇಲ್ಲಿ ಒಂದು ಸೂಕ್ಷ್ಮವಿತ್ತು, ಅದನ್ನು ಮೇಜರ್ ನಿಯಮಾವಳಿಯಿಂದಲೇ ಓದಿ ಹೇಳಿದರು. ಅಪೂರ್ಣತೆ ಒಂದೇ ಸಲ ನಡೆದಿದ್ದರೆ ಅದು ನಿರ್ಲಕ್ಷ್ಯ. ನಿರ್ಲಕ್ಷ್ಯವು ದುರ್ನಡತೆಯ ಅಡಿಗೆ ಬರುತ್ತದೆ. ಅದೇ ಅಪೂರ್ಣತೆ ಹುಟ್ಟುಗುಣವಾಗಿದ್ದರೆ ಅದು ಸ್ವಭಾವ. ಸ್ವಭಾವಕ್ಕೆ ಯಾರೂ ಹೊಣೆಯಲ್ಲವಾದ್ದರಿಂದ ಬಿಡುಗಡೆ ಗೌರವಯುತ. ಆದ್ದರಿಂದ ಅರ್ಜಿದಾರರು ಕೈಗೆತ್ತಿಕೊಂಡ ಯಾವ ಕೆಲಸವನ್ನೂ ಪೂರ್ತಿ ಮಾಡುವವರಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲ ಸಾಕ್ಷಿ ಯಾರಾದರೂ ಇದ್ದಾರೆಯೇ?

ಮೈಥಿಲಿ ಆಗಲೇ ಎದ್ದು ನಿಂತಿದ್ದರು.

ಅವರು ಹಿತ್ತಲಿನ ಪರ್ಗೋಲಾ ಚಪ್ಪರದಿಂದ ಶುರುಮಾಡಿದರು. ಎರಡು ಸಾವಿರದ ಒಂಬತ್ತರಲ್ಲಿ ನಾಲ್ಕು ಕಂಬ ನೆಟ್ಟದ್ದು, ಸೂರು ಇನ್ನೂ ಬಂದಿಲ್ಲ. ಬಾತ್‌ರೂಮಿನ ಟೈಲ್ಸು, ನಲ್ಲಿಯವರೆಗೆ ಬಂದು ನಿಂತಿದೆ. ಗಿಟಾರ್ ಕ್ಲಾಸು, ಮೂರು ವಾರ. ಮದುವೆಯ ಆಲ್ಬಮ್ಮಿಗೆ ಫೋಟೋ ಅಂಟಿಸುವುದು, ಧಾರೆಯವರೆಗೆ. "ನಾವಿನ್ನೂ ಆಲ್ಬಮ್ಮಲ್ಲಿ ಸಪ್ತಪದಿ ತುಳಿದಿಲ್ಲ ಸರ್." ಎರಡು ವರ್ಷದಿಂದ ಮಗಳ ಮುಂದೆ ಮಂಡಿನೋವಿನ ನಾಟಕವಾಡುತ್ತಿದ್ದಾರೆ, ಅದನ್ನಾದರೂ ನೆಟ್ಟಗೆ ಮಾಡುತ್ತಾರಾ ಎಂದರೆ ಒಂದು ದಿನ ಎಡಗಾಲು ಕುಂಟುತ್ತಾರೆ, ಇನ್ನೊಂದು ದಿನ ಬಲಗಾಲು. ಸಾಕ್ಷ್ಯ ಐವತ್ತು ನಿಮಿಷ ನಡೆಯಿತು. ನಡುವೆ ಬರೆದುಕೊಳ್ಳುವ ಗುಮಾಸ್ತನನ್ನು ಒಮ್ಮೆ ಬದಲಾಯಿಸಬೇಕಾಯಿತು. ಸಾಕು ಎಂದು ಮೇಜರ್ ಎರಡು ಸಲ ಹೇಳಿದರು.

ಹೊರಗೆ ಬಂದು ಸಿಟಿಯ ಟ್ರೈನಿಗೆ ಕಾಯುತ್ತಿರುವಾಗ ರಮಾಕಾಂತ್ ಕೇಳಿದರು, "ಇಷ್ಟೆಲ್ಲಾ ಇತ್ತೇನೇ?"

"ಅಡುಗೆಮನೆ ವಿಷಯಕ್ಕೆ ಬರೋದ್ರೊಳಗೆ ನಿಲ್ಲಿಸಿಬಿಟ್ರು ರೀ," ಎಂದರು ಮೈಥಿಲಿ. "ಒಳ್ಳೇ ಜನ. ಯಾರೂ ನನ್ನ ಮಾತು ಇಷ್ಟು ಹೊತ್ತು ಕೇಳೇ ಇರ್ಲಿಲ್ಲ."

ಆದೇಶ ಏಪ್ರಿಲ್ ಎರಡನೇ ವಾರ ಬಂತು. ಅದರ ಮುಖ್ಯ ಭಾಗ ಹೀಗಿತ್ತು:

'ಅರ್ಜಿದಾರರ ಬಿಡುಗಡೆಯ ಬಗೆಯನ್ನು ದುರ್ನಡತೆಯಿಂದ "ಗೌರವಯುತ (ಸ್ವಭಾವತಃ ಅಪೂರ್ಣ)" ಎಂಬುದಕ್ಕೆ ಏರಿಸಲಾಗಿದೆ. ಇನ್ನು ಮುಂದೆ ದಳದ ಹನ್ನೆರಡೂ ಲಾರಿಗಳಿಗೆ ವರ್ಷಕ್ಕೊಮ್ಮೆ ನಿಂಬೆಹಣ್ಣಿನ ವಿಧಾನವನ್ನು ತರಬೇತಾದ ಸಿಬ್ಬಂದಿ ಕೈಗವಸು ಧರಿಸಿ ನೆರವೇರಿಸತಕ್ಕದ್ದು. ಅರ್ಜಿದಾರರು ಆನ್ಜಾಕ್ ಮೆರವಣಿಗೆಯಲ್ಲಿ ದಳದ ಬ್ಯಾನರಿನ ಹಿಂದೆ ನಡೆಯಲು ಅರ್ಹರು. ಆದರೆ ಬಿಡುಗಡೆಯ ಬಗೆಗೆ ಅನುಗುಣವಾಗಿ ಅರ್ಧ ದಾರಿ ಮಾತ್ರ ನಡೆಯತಕ್ಕದ್ದು. ಪೂರ್ತಿ ನಡೆದಲ್ಲಿ ಸ್ವಭಾವ ಸಾಬೀತಾಗಿಲ್ಲವೆಂದು ಪರಿಗಣಿಸಿ ಬಿಡುಗಡೆಯನ್ನು ಮರಳಿ ದುರ್ನಡತೆಗೆ ಇಳಿಸಲಾಗುವುದು.'

ಕಾಗದ ಊಟದ ಮೇಜಿನ ಮೇಲೆ ಬಿದ್ದಿತ್ತು. ರಮಾಕಾಂತ್ ಕೈತೊಳೆದು ಬರುವಷ್ಟರಲ್ಲಿ ಪ್ರಣತಿ ಅದನ್ನು ಓದುತ್ತಿದ್ದಳು. ಮೊದಲಿನಿಂದ ಕೊನೆಯವರೆಗೆ ಓದಿದಳು. ಅವರು ಬಾಗಿಲಲ್ಲೇ ನಿಂತರು.

"ಸೋ ಯು ಗಾಟ್ ಕಿಕ್ಡ್ ಔಟ್, ಡ್ಯಾಡ್?"

"ಹೂಂ ಕಣಮ್ಮ."

"ಬಿಕಾಸ್ ಯು ಡಿಡಂಟ್ ಫಿನಿಶ್ ಸಮ್‌ಥಿಂಗ್?"

ರಮಾಕಾಂತ್ ಕುಂಬಳಕಾಯಿ, ಕುಂಕುಮ, ತಾವು ಸತ್ತಿದ್ದ ನಲವತ್ತು ನಿಮಿಷ, ಎಲ್ಲವನ್ನೂ ಹೇಳಬೇಕೆಂದು ಶುರುಮಾಡಿದರು. ಅರ್ಧಕ್ಕೆ ನಿಲ್ಲಿಸಿದರು. ಮಗಳು ತಲೆಯಾಡಿಸುತ್ತಿದ್ದಳು.

"ಯಾ, ಫೇರ್ ಇನಫ್," ಎಂದಳು ಪ್ರಣತಿ, ಮಡಿಚಿದ ಕಾಗದವನ್ನು ಅಪ್ಪನ ಕೈಗೆ ಕೊಡುತ್ತ. ಸೈನ್ಯದ ನ್ಯಾಯಪ್ರಜ್ಞೆಯ ಬಗ್ಗೆ ಆ ಮನೆಯಲ್ಲಿ ಮತ್ತೆಂದೂ ಅನುಮಾನ ಬರಲಿಲ್ಲ.

ಏಪ್ರಿಲ್ ಇಪ್ಪತ್ತೈದರ ಬೆಳಗ್ಗೆ ಪರ್ತಿನ ಮುಖ್ಯ ರಸ್ತೆಯಲ್ಲಿ ಕಾರ್ಪೊರಲ್ ರಮಾಕಾಂತ್ ದಳದ ಬ್ಯಾನರಿನ ಹಿಂದೆ ಎದೆಯುಬ್ಬಿಸಿ ನಡೆದರು. ಪಕ್ಕದಲ್ಲಿ ಹೆಜ್ಜೆಗೆ ಹೆಜ್ಜೆ ಹಾಕಿ ಪ್ರಣತಿ. ಎರಡೂ ಬದಿಯಲ್ಲಿ ಜನ ಚಪ್ಪಾಳೆ ತಟ್ಟಿದರು. ಸರಿಯಾಗಿ ಅರ್ಧ ದಾರಿಯಲ್ಲಿ, ಹಳದಿ ಜಾಕೀಟಿನ ಸ್ವಯಂಸೇವಕನೊಬ್ಬ ಬಂದು ಸೆಲ್ಯೂಟ್ ಹೊಡೆದು, "ಇಲ್ಲಿಗೆ ಸಾಕು, ಮೇಟ್," ಎಂದ.

ಫುಟ್‌ಪಾತಿನ ಮೇಲೆ ಅದಕ್ಕಾಗಿಯೇ ಒಂದು ಬೆಂಚು ಹಾಕಿತ್ತು. ಪದಕ ತೊಟ್ಟ ಐದಾರು ಮಂದಿ ಆಗಲೇ ಕೂತಿದ್ದರು. ಎಲ್ಲರೂ ಮಂಡಳಿಯಿಂದ ಮೇಲ್ದರ್ಜೆಗೆ ಏರಿದವರು. ತುದಿಯಲ್ಲಿದ್ದ ಮುದುಕ ಸರಿದು ಜಾಗ ಮಾಡಿಕೊಡುತ್ತ, "ನಿನ್ನದೇನು?" ಎಂದು ಕೇಳಿದ.

"ಸ್ವಭಾವತಃ ಅಪೂರ್ಣ. ನಿಮ್ಮದು?"

"ಗೌರವಯುತ, ಮುಂಗೋಪಿ. ನಾನು ಬ್ಯಾಂಡಿನ ಹತ್ತಿರ ಹೋಗುವಂತಿಲ್ಲ."

ಪ್ರಣತಿ ನಿಂತಿದ್ದಳು. ಅವಳ ಹಿಂದೆ ಸಾಲು ಕಾಯುತ್ತಿತ್ತು. ರಮಾಕಾಂತ್ ಪದಕವನ್ನು ತಮ್ಮ ಎದೆಯಿಂದ ಬಿಚ್ಚಿ ಮಗಳ ಎದೆಯ ಬಲಗಡೆಗೆ ಚುಚ್ಚಿದರು. ಸ್ವಂತದ್ದನ್ನು ಎಡಕ್ಕೆ, ಮನೆಯವರದ್ದನ್ನು ಬಲಕ್ಕೆ ಧರಿಸುವುದು ಅಲ್ಲಿನ ರೂಢಿ. ಅವಳು ತಿರುಗಿ ಬ್ಯಾನರಿನ ಹಿಂದೆ ಅಪ್ಪನ ಜಾಗದಲ್ಲಿ ಸೇರಿಕೊಂಡು ಉಳಿದರ್ಧ ದಾರಿ ನಡೆದಳು. ಜನ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಬೆಂಚಿನ ಮೇಲಿದ್ದವರೂ ತಟ್ಟಿದರು.

ಮೆರವಣಿಗೆ ಮುಗಿದ ಮೇಲೆ ದಳದ ಗುಮಾಸ್ತರು ಅರ್ಧ ಅಪ್ಪನನ್ನೂ ಅರ್ಧ ಮಗಳನ್ನೂ ಕೂಡಿಸಿ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬರೆದರು: 'ಕಾರ್ಪೊರಲ್ ರಮಾಕಾಂತ್, ಒಬ್ಬರು, ಪೂರ್ತಿ ನಡೆದಿದ್ದಾರೆ.' ಇದಕ್ಕೆ ಯಾರದೂ ಆಕ್ಷೇಪಣೆ ಬಂದಿಲ್ಲ.