ಮೆಮೊರಿ ಹಾಕಿಸಲು ಒಳ್ಳೆಯ ದಿನ

ಥಟ್ಟನೆ ತೀರ್ಮಾನ ಮಾಡುವವರನ್ನು ಕಂಡರೆ ನನಗೆ ಭಯ. ಹೋಟೆಲಿನಲ್ಲಿ ಮಾಣಿ ಬಂದು ನಿಂತರೆ ಪಕ್ಕದವರ ತಟ್ಟೆ ನೋಡಿ ಅದನ್ನೇ ಹೇಳುವ ಜಾಯಮಾನ ನನ್ನದು. ಇಂಥವನ ಮನೆಯ ಹಳೇ ಕಂಪ್ಯೂಟರಿಗೆ ಮೆಮೊರಿ ಸಾಲದೇ ಹೋಯಿತು.

ನನ್ನ ಮಟ್ಟಿಗೆ ಅದು ಚೆನ್ನಾಗಿಯೇ ಇತ್ತು. ಸ್ವಿಚ್ ಒತ್ತಿ ಸ್ನಾನಕ್ಕೆ ಹೋದರೆ, ಕಾಫಿ ಕುಡಿದು ಬರುವಷ್ಟರಲ್ಲಿ ತೆರೆದುಕೊಂಡಿರುತ್ತಿತ್ತು. ತೊಂದರೆ ಶುರುವಾದದ್ದು ಹೆಂಡತಿ ವಿಮಲಳಿಂದ. ನಜರ್‌ಬಾದಿನಲ್ಲಿರುವ ನನ್ನ ಸೋದರತ್ತೆ ಹಸೆ ಹಾಡು ಹೇಳುವುದನ್ನು ಅವಳು ಮೊಬೈಲಿನಲ್ಲಿ ಹಿಡಿದು ತಂದಿದ್ದಳು. ಹಳೇ ಫೋಟೋಗಳನ್ನು ಸೇರಿಸಿ ಒಂದು ವಿಡಿಯೋ ಮಾಡಿ, ಕಾರ್ತಿಕದಲ್ಲಿ ನನ್ನ ತಮ್ಮನ ಮಗಳ ಮದುವೆಯಲ್ಲಿ ಹಾಕಿಸಬೇಕೆಂದು ಆಸೆ; ಅತ್ತೆಗೂ ಹಾಗೇ ಹೇಳಿ ಬಂದಿದ್ದಳು. ಆದರೆ ಎರಡನೇ ನುಡಿಗೆ ಬರುವಷ್ಟರಲ್ಲಿ ಕಂಪ್ಯೂಟರು ಅತ್ತೆಯನ್ನು ಬಾಯಿ ತೆರೆದ ಭಂಗಿಯಲ್ಲೇ ನಿಲ್ಲಿಸಿಬಿಡುತ್ತಿತ್ತು.

“ಒಂದು ಮೆಮೊರಿ ಹಾಕಿಸ್ಬುಡಿ ಅಂದ್ರೆ.”

“ಆಷಾಢ ಕಣೇ. ಕಳೀಲಿ.”

ಆಷಾಢ ಕಳೆದ ಮೇಲೆ ಬೇರೆ ಚಿಂತೆ. ಮುದಿ ಯಂತ್ರಕ್ಕೆ ಹೊಸ ಮೆಮೊರಿ ಹಾಕಿಸಿ, ಮಾರನೇ ದಿನವೇ ಅದು ಕಣ್ಣು ಮುಚ್ಚಿದರೆ? ಹೊಸದನ್ನೇ ಕೊಂಡರೆ, ಇನ್ನೂ ಉಸಿರಾಡುತ್ತಿರುವ ಇದನ್ನು ಏನು ಮಾಡುವುದು? ವಿಜಯನಗರದ ನಮ್ಮ ಬೀದಿಯಲ್ಲಿ ನಾನು ಸಲಹೆ ಕೇಳದ ಮನೆಯಿಲ್ಲ. ಅಷ್ಟರಲ್ಲಿ ಪಿತೃಪಕ್ಷ ಬಂತು.

“ಅದಕ್ಯಾಕ್ರೀ ಪಿತೃಪಕ್ಷ? ಅದಿನ್ನೂ ಸತ್ತಿಲ್ಲ!” ಎಂದಳು ವಿಮಲ.

ಆಯುಧಪೂಜೆಯ ದಿನ ಕಂಪ್ಯೂಟರಿಗೆ ಎಂದಿನಂತೆ ಕುಂಕುಮ ಹಚ್ಚಿ ಅಕ್ಷತೆ ಹಾಕಿದೆ. ವಿಜಯದಶಮಿ ಕಳೆದ ಮೇಲೆ ಹೊತ್ತುಕೊಂಡು ಅಂಗಡಿಗೆ ಹೋದೆ. ರಿಪೇರಿಯವನು ಮುಚ್ಚಳ ಬಿಚ್ಚಿ ಬಗ್ಗಿಸಿದರೆ ಮೇಜಿನ ಮೇಲೆಲ್ಲ ಅಕ್ಕಿಕಾಳು.

“ಇದೇನ್ ಸಾರ್, ಒಳಗಡೆ ಧಾರೆ ಎರೆಸಿದ್ರಾ?”

ಪ್ರತಿವರ್ಷದ ಆಯುಧಪೂಜೆ ಎಂದೆ. “ಪೂಜೆ ಬುಡಿ ಸಾರ್, ಬೇಕಾದಷ್ಟಾಗ್ಯದೆ. ಇದಕ್ಕೆ ಕೂರೋ ಮೆಮೊರಿ ಈಗ ಬತ್ತಾ ಇಲ್ಲ. ಒಂದಿತ್ತು, ಹಬ್ಬಕ್ಕೆ ಮುಂಚೆ ಯಾರೋ ತಗೊಂಡೋದ್ರು. ಹೊಸ ಕಂಪ್ಯೂಟ್ರೇ ತಗೊಂಬುಡಿ.”

“ಯೋಚನೆ ಮಾಡಿ ಹೇಳ್ತೀನಿ,” ಎಂದೆ. ಇನ್ನೂ ಯೋಚಿಸುತ್ತಿರುವಾಗಲೇ ಮದುವೆ ಬಂದುಬಿಟ್ಟಿತು.

ಛತ್ರದಲ್ಲಿ ಯಾವುದೋ ಆರ್ಕೆಸ್ಟ್ರಾದ ಅಬ್ಬರ. ವಿಮಲ ನನ್ನನ್ನು ದಾಟಿಕೊಂಡು ನೆಂಟರ ಕಡೆಗೆ ಹೋದಳು. ಬೈದಿದ್ದರೆ ಊಟವಾದರೂ ಸೇರುತ್ತಿತ್ತು. ಪಂಕ್ತಿಯಲ್ಲಿ ಅತ್ತೆ ನನ್ನ ಪಕ್ಕದಲ್ಲೇ ಕೂತರು. ಹೊಸ ಸೀರೆ ಉಟ್ಟಿದ್ದರು. ಹೋಳಿಗೆ ಬಡಿಸಿ ಹೋದ ಮೇಲೆ ಮೆಲ್ಲಗೆ ಕೇಳಿದರು: “ನನ್ ಹಾಡು ಹಾಕ್ಲೇ ಇಲ್ವಲ್ಲೋ. ಅಷ್ಟೊಂದು ಕೆಟ್ಟದಾಗಿತ್ತೇನೋ?”

“ಛೇ, ಇಲ್ಲ ಅತ್ತೆ! ಕಂಪ್ಯೂಟರು... ಅದಕ್ಕೆ ಮೆಮೊರಿ...” ಎಂದು ತಡವರಿಸಿದೆ. ನನಗೇ ಅದು ಆಗ ಹುಟ್ಟಿಸಿಕೊಂಡ ಸುಳ್ಳಿನಂತೆ ಕೇಳಿಸಿತು.

ಅತ್ತೆ ನನ್ನ ಬೆನ್ನು ಸವರಿದರು. “ಹೋಗ್ಲಿ ಬುಡೋ. ನನಗೂ ಗೊತ್ತು, ಗಂಟಲು ಮೊದಲಿನಂಗಿಲ್ಲ. ನೀನು ಬೇಜಾರು ಮಾಡ್ಕೋಬೇಡ,” ಎಂದು ತಮ್ಮ ಎಲೆಯ ಹೋಳಿಗೆಯನ್ನು ನನ್ನೆಲೆಗೆ ಹಾಕಿದರು.

ತಿನ್ನುವುದೋ ಬಿಡುವುದೋ ತಿಳಿಯದೆ, ಪಂಕ್ತಿ ಏಳುವವರೆಗೂ ಅದನ್ನೇ ನೋಡುತ್ತ ಕೂತಿದ್ದೆ.