ಸೊಸೆಯ ಭಟ್ಟಿಯಲ್ಲಿ ನನಗೊಂದು ಶೆಲ್ಫು

ಟೀಚರಮ್ಮ, ಈ ಸಲ ಒಂದಕ್ಷರ ಸುಳ್ಳು ಹೇಳಿದ್ರೆ ನನ್ನ ಎಲೆ-ಅಡಿಕೆ ಕವಳದ ಸಂಚಿ ಮೇಲಾಣೆ. ಹೋದ್ಸಲ ನೀವು ಬಂದಾಗ ಆನೆ ಬಂದು ಮಡಕೆ ತುಳಿದ ಕಥೆ ಹೇಳಿದ್ನಲ್ಲ, ಅದರಲ್ಲಿ ಆನೆ ನಾನೇ ಸೇರಿಸಿದ್ದು, ಒಪ್ಕೊಳ್ತೀನಿ. ಇದು ಹಾಗಲ್ಲ. ಹೂದಾನಿ ಬೇಕು ಅಂತ ಹುಂಚದಿಂದ ಬಸ್ ಹತ್ತಿ ಸಾಗರಕ್ಕೆ ಬಂದಿದೀರಿ. ಸೊಸೆ ಹೊಸನಗರಕ್ಕೆ ಹೋಗಿದಾಳೆ, ಬರೋ ತನಕ ಕೂತ್ಕೊಳ್ಳಿ. ಈ ಭಟ್ಟಿ ಬಾಗಿಲಿಗೆ ನಂದೊಂದು ಸಣ್ಣ ರಿಪೇರಿ ಇದೆ, ಅದನ್ನ ಮಾಡ್ತಾ ಮಾಡ್ತಾ ಹೇಳ್ತೀನಿ.

ನಾನು ಜನ್ಮವಿಡೀ ಕೆಂಪು ಮಡಕೆ ಸುಟ್ಟವನು. ಸೊಸೆ ಬಂದ್ಮೇಲೆ ಗ್ಯಾಸಿನ ಭಟ್ಟಿ ಬಂತು, ಗ್ಲೇಜು ಬಂತು. ಗ್ಲೇಜು ಅಂದ್ರೆ ಮಣ್ಣಿನ ಮೇಲೆ ಗಾಜಿನ ಹಾಗೆ ಹೊಳೆಯೋ ಲೇಪ. ನೋಡಿ ನೋಡಿ ನನಗೂ ಆಸೆ ಹುಟ್ತು. ಕಾಡಿ ಬೇಡಿ ಭಟ್ಟಿ ಒಳಗೆ ಕೆಳಗಿನ ಶೆಲ್ಫು ಗಿಟ್ಟಿಸ್ಕೊಂಡೆ.

"ಮೂರು ತಪ್ಪಾದ್ರೆ ಮಾಫಿ ಇಲ್ಲ ಮಾವ, ಭಟ್ಟಿಗೆ ಬೀಗ," ಅಂದ್ಲು.

ಅವತ್ತಿಂದ ಶುರುವಾಯ್ತು ನೋಡಿ, ಒಂದಲ್ಲ ಒಂದು ಆಗ್ತಾನೇ ಇದೆ.

ತಳ

ಮೊದಲ್ನೇದು ಆರು ಲೋಟ. ಉಮಿ ಬೂದಿಯ ಗ್ಲೇಜು. "ತಳ ಒರೆಸಿ ಇಡಿ ಮಾವ" ಅಂದಿದ್ಲು. ಮನೆಗೆ ಸುಣ್ಣ ಬಳಿಯೋನು ಹಿಂದಿನ ಗೋಡೆ ಬಿಡ್ತಾನಾ? ತಳಕ್ಕೆ ಎರಡು ಕೈ ಹೆಚ್ಚೇ ಬಳಿದೆ. ಬೆಂಕೀಲಿ ಲೇಪ ಕರಗಿ, ಆರಿದ್ಮೇಲೆ ಆರೂ ಲೋಟ ಶೆಲ್ಫಿಗೇ ಕಚ್ಕೊಂಡು ಕೂತ್ವು. ಎಂಟು ಜನ ಎಳೆದ್ರು, ಒಂದು ಜೋಡಿ ಎತ್ತೂ ಕಟ್ಟಿದ್ವಿ... ಹಾಗೆ ನೋಡ್ಬೇಡಿ. ಸರಿ, ಎತ್ತು ಬಿಡಿ.

ಸೊಸೆ ಸುತ್ತ ಒಂದು ಪ್ರದಕ್ಷಿಣೆ ಬಂದು ಹೇಳಿದ್ಲು, "ಚೆನ್ನಾಯ್ತು ಮಾವ. ಇನ್ನು ಕಾಫಿ ಕುಡಿಯೋಕೆ ಆರು ಜನ ಒಟ್ಟಿಗೆ ಬಗ್ಗಬೇಕು."

ಅಂಟು

ಮೇಣ ಹಚ್ಚಿದ ಕಡೆ ಗ್ಲೇಜು ಹಿಡಿಯಲ್ಲ, ಹಾಗಾಗಿ ಚಿತ್ರ ಮೂಡುತ್ತೆ. ಸೊಸೆ ಮೇಣದಬತ್ತಿ ಕರಗಿಸ್ತಾಳೆ. ಹಿತ್ತಲಲ್ಲಿ ಹಲಸಿನಕಾಯಿ ಬಿಟ್ಟಿರೋವಾಗ ಮೇಣದಬತ್ತಿ ಯಾಕೆ ದಂಡ ಅಂತ ಅದರ ಅಂಟಲ್ಲೇ ಹೂಜಿ ಮೇಲೆ ನವಿಲು ಬರೆದೆ. ಕೈಗೆ ಎಣ್ಣೆ ಹಚ್ಕೊಳ್ಳೋದು ಮರ್ತೆ. ನವಿಲಿಗೆ ಬಾಲ ಬರೋ ಹೊತ್ತಿಗೆ ಹೂಜಿ ಎರಡೂ ಅಂಗೈಗೆ ಮೆತ್ಕೊಂಡಿತ್ತು.

ಆಗ್ಲೇ ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸೋ ಅಮ್ಮ ಬರಬೇಕಾ! ನಮಸ್ಕಾರ ಅಂದ್ರು. ನಾನು ಹೂಜಿ ಸಮೇತ ಕೈ ಮುಗಿದೆ.

"ಅಯ್ಯೋ, ನನಗಾ? ಎಂಥ ದೊಡ್ಡ ಮನಸ್ಸು!" ಅಂತ ಹಿಡಿದು ಎಳೆದ್ರು. ಬರಲಿಲ್ಲ. ಇನ್ನೂ ಜೋರಾಗಿ ಎಳೆದ್ರು. ನಾನೂ ಜೊತೆಗೇ ಹೋದೆ.

"ಕೊಡೋಕೆ ಮನಸ್ಸಿಲ್ದಿದ್ರೆ ಬಿಡಿ ಮಾರಾಯ್ರೇ," ಅಂದ್ರು ಪಾಪ.

ಮೈಲುತುತ್ತ

ಉಳಿದಿದ್ದು ಒಂದೇ ಅವಕಾಶ. ತಾಮ್ರ ಹಾಕಿದ್ರೆ ಬಣ್ಣ ಬರುತ್ತೆ ಅಂತ ಸೊಸೆನೇ ಹೇಳಿದ್ಲು. ಮೈಲುತುತ್ತದಲ್ಲಿ ಇರೋದು ತಾಮ್ರ ತಾನೇ? ಕೊಳೆರೋಗಕ್ಕೆ ಅಂತ ಅಡಿಕೆ ಗೊನೆಗೆ ಹೊಡೆದು ಮಿಕ್ಕಿದ ಮೈಲುತುತ್ತದ ಔಷಧಿ ಮನೇಲಿತ್ತು. ಪಂಪು ಬೆನ್ನಿಗೇರಿಸಿ ನನ್ನ ಹೂದಾನಿಗೆ ಹೊಡೆದೇ ಹೊಡೆದೆ.

ಮೇಲಿನ ಶೆಲ್ಫಲ್ಲಿ ಆ ತೀರ್ಥಹಳ್ಳಿ ಅಮ್ಮ ಹೇಳಿ ಮಾಡಿಸಿದ ಹನ್ನೆರಡು ಅಚ್ಚ ಬಿಳೀ ಹೂದಾನಿ ಇದ್ವು. ಭಟ್ಟಿ ತೆಗೆದು ನೋಡಿದ್ರೆ ನಂದು ಇದ್ದಿಲು! ತಾಮ್ರವೆಲ್ಲ ಆವಿಯಾಗಿ ಮೇಲೆ ಹೋಗಿ, ಆ ಹನ್ನೆರಡಕ್ಕೂ ಮದುಮಗಳ ಹಾಗೆ ಕೆನ್ನೆ ಕೆಂಪಾಗಿತ್ತು. ಸೊಸೆ ತಲೆ ಮೇಲೆ ಕೈ ಹೊತ್ತು ಕೂತ್ಲು. ಆ ಅಮ್ಮ ಬಂದು ತಿರುಗಿಸಿ ಮುರುಗಿಸಿ ನೋಡಿ, "ಇಂಥದ್ದೇ ಇನ್ನೊಂದು ಹನ್ನೆರಡು ಬೇಕು" ಅಂದ್ಬಿಟ್ರು!

ಸೊಸೆ ಓಡಿ ಬಂದ್ಲು. "ಮಾವ, ಔಷಧಿ ಎಷ್ಟು ಹೊಡೆದ್ರಿ?"

"ಕೊಳೆರೋಗ ಬರದಿರೋಷ್ಟು," ಅಂದೆ.

ಅಷ್ಟೇ ಟೀಚರಮ್ಮ, ಕಾಲಿಗೇ ಬಿದ್ಲು. "ನಿಮ್ಮನ್ನ ಅರ್ಥ ಮಾಡ್ಕೊಳ್ಳಲಿಲ್ಲ ಮಾವ, ಇನ್ಮೇಲೆ ಒಂದು ಶೆಲ್ಫಲ್ಲ, ಇಡೀ ಭಟ್ಟಿ ನಿಮ್ದೇ" ಅಂತ ಕಣ್ಣೀರು ಹಾಕಿ, ಇವತ್ತು ಹೋಗೋವಾಗ ಕೀ ನನ್ನ ಕೈಗೇ ಕೊಟ್ಟು ಹೋಗಿದಾಳೆ. ಏನು, ನಗ್ತೀರಿ?

"ಅಜ್ಜಾ, ಕೀ ಕೊಟ್ಟು ಹೋಗಿದ್ರೆ, ಆವಾಗಿಂದ ಆ ಬೀಗಕ್ಕೆ ಸ್ಕ್ರೂಡ್ರೈವರ್ ಹಾಕಿ ಯಾಕೆ ತಿರುಗಿಸ್ತಾ ಇದೀರಿ?"